ಮೇಸ್ತ್ರಿಯ ಮೊಮ್ಮಗಳು

ಹೋದ ವರ್ಷ ನಮ್ಮತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರಿಗೆ ಎಂಬತ್ತೆರಡು ವರ್ಷ. ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ಮೇಲೆ ಹಾಸಿಗೆಯಿಂದ ಎಬ್ಬಿಸಿ ಕೂರಿಸುವುದಕ್ಕೂ ಇನ್ನೊಬ್ಬರ ಕೈ ಬೇಕಾಯಿತು. ನನಗೂ ಅರವತ್ತು ದಾಟಿದೆ, ಮಂಡಿನೋವು ಬೇರೆ. ನಾವು ಇಲವಾಲದಲ್ಲಿ ಮನೆ ಕಟ್ಟಿಕೊಂಡು ಬಂದ ಹೊಸದರಲ್ಲಿ ಸುತ್ತಲ ಹಳ್ಳಿಯ ಹೆಂಗಸರು ತಾವಾಗಿಯೇ ಗೇಟಿನ ಹತ್ತಿರ ಬಂದು, ‘ಕೆಲಸ ಏನಾದ್ರೂ ಐತಾ ಅಕ್ಕ’ ಎಂದು ಕೇಳುತ್ತಿದ್ದರು. ಈಗ ಹಾಗೆ ಯಾರೂ ಬರುವುದಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಹುಣಸೂರು ರಸ್ತೆಯ ಬಸ್ ಸ್ಟಾಪಿನಲ್ಲಿ ನಿಂತು ನೋಡಬೇಕು, ಅವರ ಸೊಸೆಯರು, ಹೆಣ್ಣುಮಕ್ಕಳೆಲ್ಲ ಕೂರ್ಗಳ್ಳಿ, ಹೂಟಗಳ್ಳಿಯ ಕಾರ್ಖಾನೆಗಳಿಗೆ ಹೊರಟು ನಿಂತಿರುತ್ತಾರೆ. ಕೊರಳಲ್ಲಿ ಗುರುತಿನ ಚೀಟಿ. ಹತ್ತಿರ ಹೋಗಿ ಓದಿದರೆ ಎಷ್ಟೋ ಜನರ ಚೀಟಿಯಲ್ಲಿ ಕಾರ್ಖಾನೆಯ ಹೆಸರೇ ಇರುವುದಿಲ್ಲ. ಅಲ್ಲಿಗೆ ಅವರನ್ನು ಕಳಿಸಿದ ಏಜೆನ್ಸಿಯ ಹೆಸರಿರುತ್ತದೆ.

ನಾವೂ ಏಜೆನ್ಸಿಗೇ ಹೋದೆವು. ಮೈಸೂರಿನಲ್ಲಿ ಒಂದು ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಆಫೀಸು. ಹೆಸರು ಬೇಡ ಬಿಡಿ. ತಿಂಗಳಿಗೆ 19,000 ರೂಪಾಯಿ, ಒಂದು ತಿಂಗಳಿನಷ್ಟು ಡಿಪಾಸಿಟ್, ರಿಜಿಸ್ಟ್ರೇಷನ್ ಎಂದು ಬೇರೆ 3,000. ಅಗ್ರಿಮೆಂಟು ಇಂಗ್ಲಿಷಿನಲ್ಲಿ ನಾಲ್ಕು ಪುಟವಿತ್ತು. ನಮ್ಮವರು ಕನ್ನಡಕ ಏರಿಸಿಕೊಂಡು ಓದುತ್ತಾ ಎರಡು ಕಡೆ ನಿಂತರು. ಬಂದವಳನ್ನು ನಾವೇ ನೇರವಾಗಿ ಕೆಲಸಕ್ಕಿಟ್ಟುಕೊಂಡರೆ ಮೂರು ತಿಂಗಳ ಹಣ ದಂಡ ತೆರಬೇಕು. ಸಂಬಳದ ವಿಷಯವನ್ನು ಅವಳ ಜೊತೆ ಮಾತಾಡಕೂಡದು. ‘ಇದೇನ್ರೀ ಇದು?’ ಎಂದೆ. ‘ಎಲ್ಲಾ ಕಡೆ ಹೀಗೇ ಅಂತೆ, ಸಹಿ ಹಾಕು’ ಎಂದರು. ಮನೆಯಲ್ಲಿ ಮಲಗಿದ್ದ ಅತ್ತೆಯ ನೆನಪಾಗಿ ಹಾಕಿದೆ.

ಬಂದವಳು ಪಿರಿಯಾಪಟ್ಟಣದ ಕಡೆಯವಳು. ಮೂವತ್ತನಾಲ್ಕು ವರ್ಷ, ಎರಡು ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಅತ್ತೆ ಮೂರೇ ದಿನಕ್ಕೆ ಅವಳನ್ನು ‘ಮಗಾ’ ಎನ್ನತೊಡಗಿದರು. ಮೂವತ್ತೆಂಟು ವರ್ಷದಲ್ಲಿ ನನ್ನನ್ನು ಹಾಗೆ ಕರೆದದ್ದಿಲ್ಲ, ಅದಿರಲಿ. ಒಂದು ರಾತ್ರಿ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಅಗ್ರಿಮೆಂಟನ್ನು ಮುರಿದೆ. ‘ನಿನ್ನ ಕೈಗೆ ಎಷ್ಟಮ್ಮ ಬರುತ್ತೆ?’ ಎಂದು ಕೇಳಿಬಿಟ್ಟೆ.

‘ಹನ್ನೆರಡು ಸಾವಿರ ಅಕ್ಕ. ಅದ್ರಲ್ಲಿ ಎರಡು ಸಾವಿರ ಹಿಡ್ಕೊತಾರೆ. ಮಗಳನ್ನ ಸ್ಕೂಲಿಗೆ ಸೇರ್ಸೋಕೆ ಅವರತ್ರ ಹದಿನೈದು ಸಾವಿರ ಮುಂಗಡ ಈಸ್ಕೊಂಡಿದ್ದೆ.’

‘ಈ ತಿಂಗಳದ್ದು ಕೊಟ್ಟರಾ?’

‘ಮೊದಲ ತಿಂಗಳದ್ದು ಅವರತ್ರನೇ ಇರ್ತದೆ. ಮುಂಗಡ ತೀರೋಕೆ ಮುಂಚೆ ಬುಟ್ಟೋದ್ರೆ ಅದೂ ಹೋಯ್ತದೆ.’

ನನ್ನ ಕೈ ಅಲ್ಲಿಗೇ ನಿಂತಿತು. ನಾವು ಕೊಡುವುದು 19,000, ಅವಳಿಗೆ ಮುಟ್ಟುವುದು 10,000. ಆದರೆ ಆ ರಾತ್ರಿ ನಿದ್ದೆ ಕೆಡಿಸಿದ್ದು ಲೆಕ್ಕಕ್ಕಿಂತ ಹೆಚ್ಚಾಗಿ ‘ಮುಂಗಡ’ ಎನ್ನುವ ಆ ಮಾತು. ನಾನು ಹುಟ್ಟಿ ಬೆಳೆದ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಪುಸ್ತಕವೊಂದಿತ್ತು. ಅದರ ಪ್ರತಿ ಪುಟದ ಎಡಕ್ಕೆ ಒಂದು ಹೆಸರು, ಊರು. ನಡುವೆ ಮುಂಗಡದ ಮೊತ್ತ. ಬಲಗಡೆ ಒಂದು ಹೆಬ್ಬೆಟ್ಟಿನ ಗುರುತು. ನಮ್ಮಮ್ಮನ ತಂದೆಯ ಪುಸ್ತಕ ಅದು. ನಮ್ಮ ತಾತ ಕೊಡಗಿನ ಕಾಫಿ ತೋಟಗಳಿಗೆ ಆಳು ಕರೆದುಕೊಂಡು ಹೋಗುತ್ತಿದ್ದ ಮೇಸ್ತ್ರಿ.

ಚಿಕ್ಕವಳಿದ್ದಾಗ ಮೇಸ್ತ್ರಿ ಎಂದರೆ ಮನೆ ಕಟ್ಟುವವರು ಎಂದೇ ತಿಳಿದಿದ್ದೆ. ನಮ್ಮ ತಾತ ಒಂದು ಇಟ್ಟಿಗೆಯನ್ನೂ ಇಟ್ಟವರಲ್ಲ.

ನಮ್ಮ ಮನೆಯ ಮುಂದಿನ ಈ ರಸ್ತೆ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದಲ್ಲಿ ಕಾವೇರಿಯನ್ನು ದಾಟಿ ಮಡಿಕೇರಿಗೆ ಹೋಗುತ್ತದೆ. ನಾವು ಇದರಲ್ಲಿ ಕಾರಿನಲ್ಲಿ ಕೂತು ತಲಕಾವೇರಿಗೋ ಅಬ್ಬಿ ಫಾಲ್ಸಿಗೋ ಹೋಗಿಬರುತ್ತೇವೆ. ನೂರೈವತ್ತು ವರ್ಷಗಳ ಹಿಂದೆ ಇದರಲ್ಲಿ ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು ಹೊತ್ತು ಸಾಲುಸಾಲಾಗಿ ಜನ ನಡೆದುಹೋಗುತ್ತಿದ್ದರು. 1834ರಲ್ಲಿ ಬ್ರಿಟಿಷರು ಕೊಡಗನ್ನು ತಮ್ಮ ವಶಕ್ಕೆ ತೆಗೆದುಕೊಂಡರು. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯ ಬಳಿ ತೋಟ ತೆರೆದ ಮೇಲೆ ಒಬ್ಬರ ಹಿಂದೊಬ್ಬರು ಬಿಳಿಯರು ಕಾಡು ಕಡಿದು ಕಾಫಿ ಹಾಕಿದರು. ಕಾಫಿ ಗಿಡಕ್ಕೆ ನೆರಳು, ಮಳೆ ಎಲ್ಲ ಅಲ್ಲೇ ಇತ್ತು. ಕೈಗಳು ಮಾತ್ರ ಇರಲಿಲ್ಲ. ಯರವರು, ಕುರುಬರು ಇದ್ದರೂ ತೋಟಕ್ಕೆ ಸಾಲುತ್ತಿರಲಿಲ್ಲ. ಹಣ್ಣು ಬಿಡಿಸುವ ಕಾಲಕ್ಕೆ ನೂರಾರು ಜನ ಒಟ್ಟಿಗೆ ಬೇಕು, ಅದು ಮುಗಿದರೆ ಅಷ್ಟು ಜನ ಬೇಡ. ಮೈಸೂರು ಸೀಮೆಯಲ್ಲಾದರೋ ರಾಗಿ ಕೊಯ್ಲು ಮುಗಿದರೆ ಒಣಭೂಮಿಯವರಿಗೆ ಮುಂದಿನ ಮಳೆಯವರೆಗೆ ಕೈಗೆ ಕೆಲಸವಿಲ್ಲ. ಎರಡು ಊರಿನ ಅಗತ್ಯಗಳೂ ಹೀಗೆ ಬೀಗ ಬೀಗದ ಕೈಯ ಹಾಗೆ ಹೊಂದಿಕೊಂಡವು.

ಆದರೆ ಬೀಗಕ್ಕೆ ಕೀಲಿ ಹಾಕಿ ತಿರುಗಿಸುವ ಕೈ ಒಂದು ಬೇಕಲ್ಲ? ತೋಟದ ದೊರೆಗೆ ನಮ್ಮ ಹಳ್ಳಿ ಗೊತ್ತಿಲ್ಲ, ಹಳ್ಳಿಯವನಿಗೆ ದೊರೆ ಗೊತ್ತಿಲ್ಲ. ಕೊಡಗೆಂದರೆ ಚಳಿಜ್ವರದ ಸೀಮೆ, ಹೋದವರು ಬರುವುದಿಲ್ಲ ಎಂಬ ಹೆದರಿಕೆ ಬೇರೆ. ಆ ಹೆದರಿಕೆಯನ್ನು ದಾಟಿಸಲು ಗೊತ್ತಿದ್ದ ಮುಖವೊಂದು ಬೇಕಿತ್ತು, ಮುಂದೆ ಚಾಚಿದ ಹಣವೂ ಬೇಕಿತ್ತು. ಮುಖ ಮೇಸ್ತ್ರಿಯದು, ಹಣ ತೋಟದ್ದು.

ಆ ವ್ಯವಹಾರ ನಡೆಯುತ್ತಿದ್ದ ರೀತಿಯನ್ನು ಅಮ್ಮನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಗೌರಿಹಬ್ಬ ಕಳೆದ ಮೇಲೆ ತಾತ ತೋಟಕ್ಕೆ ಹೋಗಿ ರೈಟರ ಎದುರಿಗೆ ರುಜು ಹಾಕಿ ಹಣ ತರುತ್ತಿದ್ದರು. ಆ ಹಣವನ್ನು ಹಳ್ಳಿಹಳ್ಳಿಗೆ ಹೋಗಿ ಹಂಚುತ್ತಿದ್ದರು. ಮಗಳ ಮದುವೆ, ಸತ್ತ ಎತ್ತು, ಕಟ್ಟದ ಕಂದಾಯ, ಯಾವುದೋ ಒಂದು ತಾಪತ್ರಯ ಇಲ್ಲದ ಮನೆಯುಂಟೆ? ಮುಂಗಡ ಪಡೆದವನು ರಾಗಿ ಕಣ ಮುಗಿಸಿ ಸಂಸಾರ ಸಮೇತ ಬರಬೇಕು. ತೋಟದಲ್ಲಿ ಲೈನ್ ಮನೆ. ಹಾಜರಿ ಬರೆಯುವುದು ರೈಟರು, ಬಟವಾಡೆ ದಿನ ಹಣ ಎಣಿಸಿ ಕೊಡುವುದು ಮೇಸ್ತ್ರಿ. ಮುಂಗಡ, ಅಕ್ಕಿ, ಉಪ್ಪು, ಮೆಣಸಿನಕಾಯಿಯ ಬಾಬ್ತು ಎಲ್ಲ ಹಿಡಿದು ಉಳಿದದ್ದು ಆಳಿಗೆ. ಆಳುಗಳು ದುಡಿದ ಪ್ರತಿ ನೂರು ರೂಪಾಯಿಗೆ ಹತ್ತು ರೂಪಾಯಿ ತಾತನ ಕಮಿಷನ್. ಯಾವ ಆಳಾದರೂ ಓಡಿಹೋದರೆ ಅವನ ಮುಂಗಡ ತಾತನ ತಲೆಯ ಮೇಲೆ. ಹಾಗಾಗಿ ತಾತನೂ ತೋಟಕ್ಕೆ ಸಾಲಗಾರರೇ. ಸಾಲದ ಸರಪಣಿಯಲ್ಲಿ ಅವರದು ನಡುವಿನ ಕೊಂಡಿ.

ನಮ್ಮ ತಾತ ಕೆಟ್ಟವರಾಗಿದ್ದರೆ? ಅಲ್ಲ, ಹಾಗೆ ಹೇಳಲಾರೆ. ಜ್ವರ ಬಂದವರನ್ನು ತಮ್ಮ ಗಾಡಿಯಲ್ಲೇ ಊರಿಗೆ ತಂದುಬಿಟ್ಟವರು. ಅವರನ್ನು ನಂಬಿ ಜನ ವರ್ಷವರ್ಷವೂ ಬರುತ್ತಿದ್ದರು. ಆದರೆ ಅವರ ಹಿಂದೆ ಇನ್ನೊಂದು ಬಲವೂ ಇತ್ತು. 1859ರ 13ನೇ ಕಾಯಿದೆ. ಕಲ್ಕತ್ತೆಯ ವರ್ತಕರು ಕೇಳಿಕೊಂಡರೆಂದು ಮಾಡಿದ ಈ ಕಾಯಿದೆಯ ಪ್ರಕಾರ, ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟು ಅವನಿಗೆ ‘ಹಣ ಹಿಂದಕ್ಕೆ ಕೊಡು, ಇಲ್ಲವೇ ಕೆಲಸ ಮಾಡು’ ಎಂದು ಆಜ್ಞೆ ಮಾಡಬಹುದು. ಎರಡರಲ್ಲಿ ಯಾವುದು ಎಂದು ಆರಿಸುವ ಹಕ್ಕು ಹಣ ಕೊಟ್ಟವನದು. ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಾಲ ತೀರಿಸದ ಸಾಹುಕಾರನ ಮೇಲೆ ಸಿವಿಲ್ ದಾವೆ, ಕೂಲಿಯವನಿಗೆ ಮಾತ್ರ ಜೈಲು. ಕೂಲಿ ಕೊಡದ ಯಜಮಾನನಿಗೆ ಆ ಕಾಯಿದೆಯಲ್ಲಿ ಯಾವ ಶಿಕ್ಷೆಯನ್ನೂ ಇಟ್ಟಿರಲಿಲ್ಲ.

ಅದು ಬಂದ ಇಪ್ಪತ್ತು ವರ್ಷದೊಳಗೇ ಮೈಸೂರು ಸೀಮೆಗೆ 1876ರಿಂದ 1878ರವರೆಗಿನ ದೊಡ್ಡ ಬರ ಬಂತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಕ್ಕೆ ಇಳಿದಿತ್ತು. ಅಂಥ ದಿನಗಳಲ್ಲಿ ಮುಂಗಡ ಬೇಡ ಎನ್ನುವವರು ಯಾರು?

1925ರಲ್ಲಿ ಆ ಕಾಯಿದೆಯನ್ನು ರದ್ದುಮಾಡುವ ತೀರ್ಮಾನವಾಗಿ, 1926ರ ಏಪ್ರಿಲಿನಿಂದ ಅದು ಹೋಯಿತು. ದೇಶದಲ್ಲೆಲ್ಲ ಹೋದರೂ ಕೊಡಗಿನಲ್ಲಿ ಅಷ್ಟು ಸುಲಭವಾಗಿ ಹೋಗಲಿಲ್ಲ. ತೋಟದವರು ಪಟ್ಟು ಹಿಡಿದು 1926ರಲ್ಲಿ ಕೊಡಗಿಗೆಂದೇ ಬೇರೆ ಕಾರ್ಮಿಕ ಕಾಯಿದೆ ಮಾಡಿಸಿಕೊಂಡರು. ಓಡಿಹೋದ ಆಳಿಗೆ ಶಿಕ್ಷೆ ಎನ್ನುವುದು ಅಲ್ಲಿ 1931ರವರೆಗೂ ಉಳಿಯಿತು. ನಮ್ಮ ತಾತ ಕಸುಬು ಕಲಿತದ್ದು ಆ ವರ್ಷಗಳಲ್ಲೇ.

ಅಜ್ಜಿ ಹೇಳುತ್ತಿದ್ದ ಒಂದು ಸಂಗತಿಯನ್ನು ಬಿಟ್ಟರೆ ಈ ಬರಹವೇ ಸುಳ್ಳಾದೀತು. ಬಿಳಿಕೆರೆ ಕಡೆಯ ಒಬ್ಬ ಆಳು ಜ್ವರದಲ್ಲಿ ತೋಟದಲ್ಲೇ ತೀರಿಕೊಂಡನಂತೆ. ಮುಂಗಡ ಮುಕ್ಕಾಲು ಪಾಲು ಬಾಕಿ. ತಾತ ಪುಸ್ತಕ ತೆಗೆದು ಅವನ ಹೆಸರಿಗೆ ಗೀಟು ಹಾಕಿ ಕೆಳಗೆ ಅವನ ಹೆಂಡತಿಯ ಹೆಸರು ಬರೆದರು. ಅವಳ ಕೂಲಿ ಗಂಡಸಿನ ಕೂಲಿಗಿಂತ ಕಡಿಮೆ, ಸಾಲ ಮಾತ್ರ ಅಷ್ಟೇ. ಹೆಬ್ಬೆಟ್ಟು ಒತ್ತಲು ಬಂದವಳು ಹಿತ್ತಲ ಬಾಗಿಲಿಗೆ ಬಂದು ಅಜ್ಜಿಯನ್ನು, ‘ನೀವಾದ್ರೂ ಒಂದ್ ಮಾತು ಹೇಳ್ರವ್ವ’ ಎಂದಳಂತೆ. ಅಜ್ಜಿ ಒಂದು ಮೊರ ರಾಗಿ ಕೊಟ್ಟು ಕಳಿಸಿದರು. ‘ಗಂಡಸರ ವ್ಯವಹಾರದಲ್ಲಿ ಬಾಯಿ ಹಾಕೋ ಕಾಲ ಅಲ್ಲ ಅದು’ ಎನ್ನುತ್ತಿದ್ದರು. ಹೇಳುವಾಗ ಪ್ರತಿ ಸಲವೂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಆ ಪುಟ ನೋಡಿದ್ದೇನೆ. ಎರಡು ಹೆಬ್ಬೆಟ್ಟುಗಳಿವೆ, ಒಂದು ದೊಡ್ಡದು, ಒಂದು ಚಿಕ್ಕದು.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ ಎನ್ನುವುದು ನನಗೆ ಕಾಲೇಜಿನಲ್ಲಿ ಕಾರಂತರ ‘ಚೋಮನ ದುಡಿ’ ಓದಿದಾಗ ತಿಳಿಯಿತು. 1933ರ ಕಾದಂಬರಿ. ಅಪ್ಪ ಮಾಡಿದ ಸಣ್ಣ ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಗಂಡುಮಕ್ಕಳ ದುಡಿತದಿಂದ ತೀರದ ಆ ಸಾಲ ಕೊನೆಗೆ ಬೆಳ್ಳಿಯ ತಲೆಗೆ ಬರುತ್ತದೆ. ಅದನ್ನು ಅವಳು ಯಾವ ಬೆಲೆ ತೆತ್ತು ತೀರಿಸಿದಳೆನ್ನುವುದನ್ನು ಓದಿದವರು ಬಲ್ಲರು. ಗೆಳತಿಯರೆಲ್ಲ ಚೋಮನಿಗಾಗಿ ಅತ್ತರು. ನನಗೆ ಅಟ್ಟದ ಮೇಲಿನ ಪುಸ್ತಕ ನೆನಪಾಗಿ ಅಳುವುದಕ್ಕೂ ನಾಚಿಕೆಯಾಯಿತು. ನಮ್ಮಮ್ಮ ಮಹಾರಾಣಿ ಕಾಲೇಜಿಗೆ ಹೋದದ್ದು ನೂರಕ್ಕೆ ಹತ್ತರ ಆ ಕಮಿಷನ್ನಿನಿಂದ. ಅಮ್ಮ ಓದಿದ್ದರಿಂದ ನಾನು ಓದಿದೆ.

1929ರಲ್ಲಿ ನೇಮಕವಾದ ರಾಯಲ್ ಕಮಿಷನ್ನು, ವಿಟ್ಲಿ ಎಂಬಾತ ಅಧ್ಯಕ್ಷನಾಗಿದ್ದದ್ದು, ದೇಶದ ಕಾರ್ಮಿಕರ ಸ್ಥಿತಿಯನ್ನು ವಿಚಾರಿಸಿ 1931ರಲ್ಲಿ ವರದಿ ಕೊಟ್ಟಿತು. ಕಾರ್ಖಾನೆಗಳಲ್ಲಿ ಕೆಲಸ ಕೊಡಿಸಿ ಲಂಚ ತಿನ್ನುವ ಜಾಬರುಗಳ ಕೈಯಿಂದ ನೇಮಕದ ಅಧಿಕಾರ ಕಿತ್ತುಕೊಂಡು, ಅದಕ್ಕೆಂದೇ ಅಧಿಕಾರಿಗಳನ್ನು ಇಡಬೇಕೆಂದಿತು. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ತೋಟ ಕಾರ್ಮಿಕರ ಕಾಯಿದೆ ಬಂದು ಮನೆ, ಆಸ್ಪತ್ರೆ, ಕೂಸಿನ ಮನೆಗಳನ್ನು ತೋಟದವರ ಹೊಣೆ ಮಾಡಿತು. ತಾತನ ಕಸುಬು ಆ ಹೊತ್ತಿಗೆ ಕ್ಷೀಣಿಸಿತ್ತು. ಆಳುಗಳು ಬಸ್ಸು ಹತ್ತಿ ತಾವೇ ಹೋಗಿಬರುವುದನ್ನು ಕಲಿತಿದ್ದರು.

1957ರ ಸೆಪ್ಟೆಂಬರಿನಲ್ಲಿ ಈ ಇಲವಾಲದಲ್ಲಿ ಒಂದು ದೊಡ್ಡ ಸಭೆ ನಡೆಯಿತು. ರೆಸಿಡೆಂಟರ ಕಾಲದ ಬಂಗಲೆ ಇದ್ದ ಊರು ಎಂಬುದಷ್ಟೇ ಅಲ್ಲಿಯವರೆಗೆ ಇದರ ಹೆಗ್ಗಳಿಕೆ. ಗ್ರಾಮದಾನದ ವಿಚಾರ ಮಾತಾಡಲು ವಿನೋಬಾ ಭಾವೆಯವರ ಜೊತೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು, ನೆಹರೂ, ಜಯಪ್ರಕಾಶ ನಾರಾಯಣರು, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾದರು ಎಲ್ಲ ಬಂದಿದ್ದರು. ಭೂಮಿ ಊರಿನದಾಗಬೇಕು, ಇಲ್ಲದವನಿಗೂ ಪಾಲು ಸಿಗಬೇಕು ಎನ್ನುವ ಮಾತಿಗೆ ಎಲ್ಲ ಪಕ್ಷದವರೂ ಸೈ ಎಂದರು. ಹತ್ತೊಂಬತ್ತು ವರ್ಷದ ನಮ್ಮಮ್ಮ ರಸ್ತೆಬದಿಯಲ್ಲಿ ನಿಂತು ನೆಹರೂ ಕಾರು ನೋಡಿದಳಂತೆ. ತಾತನೂ ಜೊತೆಗಿದ್ದರು. ಮನೆಗೆ ಬಂದು, ‘ಇವರು ಹೇಳಿದ ಹಾಗೆ ಆಗಿದ್ದಿದ್ರೆ ನಂಗೆ ಒಬ್ಬ ಆಳೂ ಸಿಕ್ತಿರಲಿಲ್ಲ’ ಎಂದರಂತೆ. ಇಷ್ಟು ಸರಿಯಾದ ವ್ಯಾಖ್ಯಾನ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಆ ಸಭೆ ಮುಗಿದು ಭೂಮಿ ಇದ್ದವರ ಹತ್ತಿರವೇ ಉಳಿಯಿತು. ಈಗ ಈ ಸುತ್ತಲಿನ ಹೊಲಗಳೆಲ್ಲ ಸೈಟುಗಳು. ನಮ್ಮ ಮನೆಯೂ ಒಂದು ಕಾಲದ ರಾಗಿ ಹೊಲದಲ್ಲೇ ನಿಂತಿದೆ.

1975ರ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂದು ಮರುವರ್ಷ ಕಾಯಿದೆಯಾಯಿತು. ಜೀತದ ಸಾಲವೇ ರದ್ದು ಎಂದಿತು. ಅದಕ್ಕೂ ಮುಂಚೆ 1970ರಲ್ಲಿ ಗುತ್ತಿಗೆ ಕಾರ್ಮಿಕರ ಕಾಯಿದೆ ಬಂದಿತ್ತು. ಅದರ ಒಂದು ಮಾತು ನನಗೆ ಬಹಳ ಹಿಡಿಸಿತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು, ‘ನಾನು ಏಜೆನ್ಸಿಗೆ ಕೊಟ್ಟಾಯಿತು’ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಆದರೆ ಅದು ಅನ್ವಯಿಸುತ್ತಿದ್ದದ್ದು ಇಪ್ಪತ್ತು ಅಥವಾ ಹೆಚ್ಚು ಗುತ್ತಿಗೆ ಕೆಲಸಗಾರರಿದ್ದ ಕಡೆಗೆ. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದು ಆ ಲೆಕ್ಕ ಐವತ್ತಕ್ಕೆ ಏರಿದೆ. ಒಂದು ಮನೆಯ ಒಬ್ಬ ಆಯಾ ಯಾವ ಲೆಕ್ಕಕ್ಕೂ ಬರುವುದಿಲ್ಲ. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸದವರಿಗಾಗಿ 189ನೇ ಒಡಂಬಡಿಕೆ ಮಾಡಿ, ಏಜೆನ್ಸಿಯ ಶುಲ್ಕವನ್ನು ಅವರ ಸಂಬಳದಿಂದ ಮುರಿಯಬಾರದೆಂದು ಸ್ಪಷ್ಟವಾಗಿ ಬರೆಯಿತು. ನಮ್ಮ ದೇಶ ಅದರ ಪರವಾಗಿ ಮತ ಹಾಕಿತು, ಆದರೆ ಒಪ್ಪಿ ಜಾರಿಗೆ ತರಲಿಲ್ಲ.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ಒಂದು ದಿನ ಮಧ್ಯಾಹ್ನ ಏಜೆನ್ಸಿಗೆ ಹೋದೆ. ನಮ್ಮವರು ಬರಲಿಲ್ಲ, ‘ಸುಮ್ಮನೆ ಯಾಕೆ, ಅವಳನ್ನ ಕಳಿಸಿಬಿಟ್ಟರೆ ಅಮ್ಮನಿಗೆ ಯಾರು?’ ಎಂದರು. ಅವರ ಹೆದರಿಕೆ ಸುಳ್ಳಲ್ಲ. ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದೂ ಅದೇ. ನಾನು ನ್ಯಾಯ ಕೇಳಲು ಹೋಗಿ ಅವಳ ಕೆಲಸವೇ ಹೋದರೆ? ಆಫೀಸಿನ ಹುಡುಗ ಸಭ್ಯನೇ. ‘ಮೇಡಂ, ಹುಡುಗಿಗೆ ಏನು ಕೊಡ್ತೀವಿ ಅನ್ನೋದು ನಮ್ಮ ಒಳಗಿನ ವಿಷಯ’ ಎಂದ.

‘ಅವಳು ಮಲಗೋದು ನನ್ನ ಮನೆ ಒಳಗೆ ಕಣಪ್ಪ’ ಎಂದೆ.

ಹುಡುಗ ಮಾಲೀಕರನ್ನು ಕರೆದ. ಒಂದೂವರೆ ಗಂಟೆ ಮಾತಾಯಿತು. ಅವರೂ ತಮ್ಮ ಕಷ್ಟ ಹೇಳಿಕೊಂಡರು. ಪೊಲೀಸ್ ವೆರಿಫಿಕೇಷನ್, ಬಾಡಿಗೆ, ರಜ ಹಾಕಿದರೆ ಬದಲಿ ಕಳಿಸಬೇಕು, ಮುಂಗಡ ಪಡೆದು ಫೋನ್ ಆಫ್ ಮಾಡಿಕೊಂಡು ಹೋದವರು ಆರು ಜನ. ತಾತನ ಮಾತುಗಳನ್ನೇ ಕೇಳಿದ ಹಾಗಾಯಿತು. ಇವರನ್ನು ಬೈಯಲು ಬಂದವಳಿಗೆ ಬಾಯಿ ಏಳಲಿಲ್ಲ. ಬೈಯುವ ಬದಲು ಕೇಳಬೇಕಾದದ್ದನ್ನು ಕೇಳಿದೆ. ಅವಳ ಸಂಬಳ ಇಷ್ಟು, ನಿಮ್ಮ ಕಮಿಷನ್ ಇಷ್ಟು ಎಂದು ಬೇರೆಬೇರೆಯಾಗಿ ಬರೆದುಕೊಡಿ. ಅವಳ ಭಾಗವನ್ನು ಅವಳ ಬ್ಯಾಂಕ್ ಖಾತೆಗೆ ನಾನೇ ಹಾಕುತ್ತೇನೆ, ನಿಮ್ಮದನ್ನು ನಿಮಗೆ ಕೊಡುತ್ತೇನೆ. ಮುಂಗಡ ಎಷ್ಟು, ಎಷ್ಟು ಮುರಿದಿದ್ದೀರಿ, ಎಷ್ಟು ಉಳಿದಿದೆ ಎಂಬ ಕನ್ನಡದ ಚೀಟಿ ಅವಳ ಕೈಯಲ್ಲಿರಲಿ. ತಿಂಗಳಿಗೆ ಎರಡು ದಿನ ರಜ.

ಮೊದಲು ಆಗುವುದಿಲ್ಲ ಎಂದರು. ನಾನು ಡಿಪಾಸಿಟ್ ವಾಪಸು ಕೇಳಿದೆ. ಹತ್ತು ದಿನ ಆದ ಮೇಲೆ ಫೋನ್ ಮಾಡಿ, ಅವಳಿಗೆ 14,000, ತಮಗೆ 5,000 ಎಂದು ಒಪ್ಪಿದರು. ಮುಂಗಡದ ಚೀಟಿಯೂ ಬಂತು. ಹಿಡಿದಿಟ್ಟುಕೊಂಡಿದ್ದ ಮೊದಲ ತಿಂಗಳ ಸಂಬಳವನ್ನು ಮಾತ್ರ ‘ಕೆಲಸ ಬಿಡುವಾಗ ಕೊಡ್ತೀವಿ’ ಎಂದು ಜಗ್ಗಲಿಲ್ಲ. ನಾನೂ ಅಲ್ಲಿಗೆ ಬಿಟ್ಟೆ. ಬಿಡಬಾರದಿತ್ತು.

ಚೀಟಿಯನ್ನು ಅವಳ ಕೈಗೆ ಕೊಟ್ಟಾಗ ಅವಳು ಎರಡು ಸಲ ಓದಿದಳು. ಏಳನೇ ಕ್ಲಾಸು ಓದಿದವಳು. ‘ಉಳಿದಿರೋದು ಒಂಬತ್ತು ಸಾವಿರನಾ? ಹನ್ನೊಂದು ಅಂದಿದ್ರು’ ಎಂದಳು. ಹಾಗೆಂದು ಬಟ್ಟೆಯ ಪೆಟ್ಟಿಗೆಯಲ್ಲಿ ಮಡಿಸಿಟ್ಟುಕೊಂಡಳು.

ಅತ್ತೆ ಈ ವರ್ಷ ಯುಗಾದಿ ಕಳೆದ ವಾರ ತೀರಿಕೊಂಡರು. ಕೊನೆಯ ಹೊತ್ತಿನಲ್ಲಿ ನೀರು ಬಿಟ್ಟವಳು ಅವಳೇ. ನಾನು ಡಾಕ್ಟರಿಗೆ ಫೋನ್ ಮಾಡುತ್ತಾ ವರಾಂಡದಲ್ಲಿದ್ದೆ. ಹದಿನಾಲ್ಕನೆಯ ದಿನದ ಊಟ ಮುಗಿಸಿಕೊಂಡು ಊರಿಗೆ ಹೊರಟಳು. ಮುಂಗಡ ಪೂರ್ತಿ ತೀರಿತ್ತು. ನಾನು ಬಸ್ ಸ್ಟಾಪಿನವರೆಗೆ ಹೋಗಿ ಪಿರಿಯಾಪಟ್ಟಣದ ಬಸ್ಸು ಹತ್ತಿಸಿ ಬಂದೆ.

ನಮ್ಮ ಡಿಪಾಸಿಟ್ ಒಂದು ವಾರದಲ್ಲಿ ಬಂತು. ಹೋದ ಗುರುವಾರ ಅವಳ ಫೋನ್ ಬಂದಿತ್ತು. ಮೊದಲ ತಿಂಗಳ ಸಂಬಳ ಇನ್ನೂ ಕೊಟ್ಟಿಲ್ಲವಂತೆ, ನಾಲ್ಕು ಸಲ ಕೇಳಿದ್ದಾಳೆ. ಸೋಮವಾರ ಮೊದಲ ಬಸ್ಸಿಗೆ ಬಾ, ಇಲವಾಲದಲ್ಲಿ ನಾನೂ ಹತ್ತಿಕೊಳ್ಳುತ್ತೇನೆ, ಆ ಚೀಟಿ ಮರೆಯದೆ ತಾ ಎಂದು ಹೇಳಿದ್ದೇನೆ.